ಲಿಫ್ಟಿನ ಮುಂದೆ ಕೇಳಿದ ಸಹಿ

ಗಲ್ಫಿನ ಅಲ್ ಹೈಲ್‌ನಲ್ಲಿರುವ ನಮ್ಮ ಕಟ್ಟಡದಲ್ಲಿ, ನೆಲಮಹಡಿಯ ಲಿಫ್ಟಿನ ಎಡಗಡೆ ನಾನು ನಿಂತಿದ್ದೆ. ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಆಗತಾನೇ ಒರೆಸಿದ ನೆಲದಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಮೊನ್ನೆ ಕ್ಲಿನಿಕ್ಕಿನಲ್ಲಿ ಅದೇ ವಾಸನೆ ಮೂಗಿಗೆ ಬಡಿದಾಗ, ಆರು ವರ್ಷದ ಹಿಂದಿನ ಆ ಬೆಳಿಗ್ಗೆ ಇಡಿಯಾಗಿ ಎದುರು ನಿಂತಿತು.

ಲಿಫ್ಟಿಗೆ ಬಂದವಳು ನಾಲ್ಕನೇ ಮಹಡಿಯಲ್ಲಿ ನಮ್ಮ ಎದುರು ಮನೆಯ ಆಯಾ, ಉಗಾಂಡಾದವಳು. ಆ ಮನೆಯವರು ನನ್ನ ಕಂಪನಿಯ ಮ್ಯಾನೇಜರ್, ಮಂಗಳೂರಿನವರೇ. ಊರಿನಿಂದ ಬಂದ ಕೆಲಸದ ಹೆಂಗಸರು ಲಿಫ್ಟಿನಲ್ಲಿ ಹೋಗುತ್ತಿದ್ದರು. ಆಫ್ರಿಕಾದವರು ಮಾತ್ರ ಮೆಟ್ಟಿಲು ಹತ್ತಬೇಕು. ಇದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅಂದು ಅವಳ ಕೈಯಲ್ಲಿ ನೀರಿನ ದೊಡ್ಡ ಕ್ಯಾನ್ ಇತ್ತು. ಒಂದು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಕಟ್ಟಡದ ಕೇರ್‌ಟೇಕರ್ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟ. ಅವಳು ಕ್ಯಾನ್ ಕೆಳಗಿಟ್ಟು ಒಂದು ನೋಟ್‌ಪುಸ್ತಕ ತೆಗೆದು, ಈ ನಿಯಮವನ್ನು ಬರೆದು ಸಹಿ ಹಾಕಿಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಎಂತ ಮಾರಾಯ್ರೆ, ಮಹಾರಾಣಿಗೆ ಕಾಗದ ಬೇಕಂತೆ!” ಅವನು ನನ್ನತ್ತ ನೋಡಿ ನಕ್ಕ. ನಾನೂ ಸ್ವಲ್ಪ ನಕ್ಕೆ... ಅದನ್ನೂ ಬರೆಯಬೇಕು.

ಪುಸ್ತಕದಲ್ಲಿ ಆಗಲೇ ಎರಡು ಪುಟ ತುಂಬಿತ್ತು. ದಿನ, ಗಂಟೆ, ತಡೆದವರು ಯಾರು. ಲೇಬರ್ ಆಫೀಸಿಗೆ ಕೊಡುತ್ತೇನೆ, ಅಲ್ಲಿ ಒಬ್ಬಳ ಮಾತನ್ನು ನಂಬುವುದಿಲ್ಲ, ಕಂಡವರು ಇಬ್ಬರಾದರೂ ಬೇಕು ಎಂದಳು. ಖಾಲಿ ಕ್ಯಾನ್ ಒಯ್ಯಲು ಬಂದಿದ್ದ ಕೆಳಗಿನ ಅಂಗಡಿಯ ಬ್ಯಾರಿ ಕಾಕ, ನಮ್ಮೂರ ಕಡೆಯ ಮುಸ್ಲಿಂ ಹಿರಿಯರು, ಅಂಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದರು. ಪೆನ್ನನ್ನು ನನ್ನತ್ತ ಚಾಚಿದರು.

“ಹಾಕಿ ಪೊರ್ಬುಗಳೇ. ನೀವೂ ನೋಡಿದ್ದಲ್ವಾ?” ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದರು.

ನನ್ನ ವೀಸಾ ನವೀಕರಣದ ಕಾಗದ ಆ ವಾರ ಮ್ಯಾನೇಜರ್ ಮೇಜಿನ ಮೇಲಿತ್ತು. ಮಗಳು ಹತ್ತನೇ ತರಗತಿಯಲ್ಲಿದ್ದಳು.

“ನಾಳೆ ಹಾಕ್ತೇನೆ ಕಾಕ.”

ನಾನು ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿದೆ. ಬಾಗಿಲು ಮುಚ್ಚುವಾಗ ಅವಳು ಕ್ಯಾನ್ ಎತ್ತಿಕೊಳ್ಳುತ್ತಿದ್ದಳು...

ಶನಿವಾರ ನಾನು ಮನೆಯಿಂದ ಕೆಳಗಿಳಿಯಲಿಲ್ಲ. ಸೋಮವಾರ ಮ್ಯಾನೇಜರ್, ಪುಸ್ತಕದ ವಿಷಯ ತಿಳಿದು, ಅವಳ ವೀಸಾ ರದ್ದು ಮಾಡಿಸಿ ಉಗಾಂಡಾಕ್ಕೆ ಕಳಿಸಿಬಿಟ್ಟರು. ಅವಳು ಸಾಕಿದ ಮಗು ಎದುರು ಮನೆಯಲ್ಲಿ ಮೂರು ದಿನ ಅತ್ತಿತು. ನನ್ನ ವೀಸಾ ಆಯಿತು.

ಈಗಲೂ ಅದೇ ಮನೆಯಲ್ಲಿದ್ದೇನೆ, ಅದೇ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತೇನೆ. ಅವಳು ಎಲ್ಲಿದ್ದಾಳೋ ವಿಚಾರಿಸಲು ನನ್ನಲ್ಲಿ ಅವಳ ವಿಳಾಸವಿಲ್ಲ. ಅವಳನ್ನು ತಡೆದದ್ದನ್ನು ಕಂಡವರಲ್ಲಿ ಕಾಕ ಹೋದ ವರ್ಷ ತೀರಿಕೊಂಡರು. ತಡೆದ ಕೇರ್‌ಟೇಕರ್ ಈಗ ದೂರದ ಬುರೈಮಿಯಲ್ಲಿದ್ದಾನೆ, ಅವನು ಹೇಳುವುದಿಲ್ಲ. ಉಳಿದವನು ನಾನು.