ಮದುಮಗನಿಲ್ಲದ ಬಾಜಾ

ಪ್ರೋಗ್ರಾಮಿನ ದಿನ ಮಗಳ ತುಟಿ ಒಡೆಯಬಹುದಿತ್ತು. ಕರೆಂಟು ಹೋಗಬಹುದಿತ್ತು. ದೇವರ ಹಿಪ್ಪರಗಿಯಿಂದ ಜೊತೆಗೆ ಊದುವ ಹುಡುಗರು ಬರಬೇಕಾದ ಬಸ್ಸು ದಾರಿಯಲ್ಲೇ ಕೂತುಬಿಡಬಹುದಿತ್ತು. ಬಾಜಾದ ಗುಂಡಿ ಒತ್ತಿದ್ದು ಮತ್ತೆ ಮೇಲೇಳದಿರಬಹುದಿತ್ತು. ಮಗಳಿಗೆ ನಡುವೆ ಸೀನು ಬರಬಹುದಿತ್ತು. ಚಿಂತೆ ನನಗೆ ಹವ್ಯಾಸವಲ್ಲ, ಕಸುಬು. "ಚಿಂತಿ ಇರಲಿಲ್ಲಂದ್ರ ನಿಮಗ ಅದರದೇ ಒಂದು ಚಿಂತಿ ಹತ್ತತೈತ್ರಿ" ಅನ್ನುತ್ತಾಳೆ ನಮ್ಮಾಕೆ.

ಇದೆಲ್ಲ ಈಗ ನೆನಪಾದದ್ದು ಹುಣಸೆಹಣ್ಣಿನ ವಾಸನೆಗೆ. ಹಿತ್ತಲ ಕಲ್ಲಿನ ಮೇಲೆ ಕೂತು ಮಗಳು ಗಂಗಾಳ ಬಾಜಾ ತಿಕ್ಕುತ್ತಿದ್ದೇನೆ. ಯುಫೋನಿಯಮ್ ಅಂತ ಅದರ ಹೆಸರು. ಮದುವೆಯ ಬ್ಯಾಂಡಿನಲ್ಲಿ ನೀವು ನೋಡಿರುತ್ತೀರಿ: ಕೂಸಿನಂತೆ ಅಪ್ಪಿಕೊಂಡು ಊದುವ ಹಿತ್ತಾಳೆ ವಾದ್ಯ, ಅಗಲ ಬಾಯಿ ಸದಾ ಆಕಾಶ ನೋಡುತ್ತಿರುತ್ತದೆ. ಒಳಗೆ ಏನೋ ಸಿಕ್ಕಿದೆಯೆಂದು ಗಂಗಾ ಪ್ರೋಗ್ರಾಮ್ ಆದಾಗಿನಿಂದ ಗೊಣಗುತ್ತಿದ್ದಾಳೆ.

ಸಿಂದಗಿಯ ಸಂಗೀತ ಶಾಲೆಯಲ್ಲಿ ಎಲ್ಲರ ಮಕ್ಕಳೂ ಹಾರ್ಮೋನಿಯಂ, ತಬಲಾ ಹಿಡಿದರೆ ನನ್ನ ಮಗಳು, ಅವಳಂಥವೇ ಏಳೆಂಟು ಮಕ್ಕಳು ಹಿತ್ತಾಳೆ ಹಿಡಿದವು. ಹಿರಿಯ ಗುರುಗಳು ಗಾಯಕರು; ತಂಬೂರಿಯ ಶ್ರುತಿ ಕೂದಲೆಳೆ ಸರಿದರೂ ಹಲ್ಲುನೋವು ಬಂದವರ ಹಾಗೆ ಮುಖ ಮಾಡುವವರು. ಒಂದು ದಿನ ಗಂಗಾಳನ್ನು ಕರೆದು ಅಂದರು: "ಬಾಜಾ ಅಂದ್ರ ಮಂದಿ ಮೆರವಣಿಗ್ಯಾಗ ನಡಕೋತ ಕೇಳೂದು. ಕುಂತು ಯಾರು ಕೇಳ್ತಾರ ತಂಗಿ? ಒಂದು ಪ್ರೋಗ್ರಾಮ್ ಮಾಡ್ರಿ. ಮಂದಿ ಎದ್ದು ಹೋದ್ರ ಈ ಕ್ಲಾಸ್ ಬಂದ್."

ಅವತ್ತಿನಿಂದ ಅವಳು ರಿಯಾಜು ಮಾಡಿದಳು, ನಾನು ಚಿಂತೆ ಮಾಡಿದೆ. ಮನೆಯಲ್ಲಿ ಯಾರೂ ಖಾಲಿ ಕೂರಲಿಲ್ಲ.

ಆ ಸಂಜೆ ನನ್ನ ಚೀಲದಲ್ಲಿ ತುಟಿಗೆ ತುಪ್ಪವಿತ್ತು, ಕತ್ತಲೆಗೆ ಬ್ಯಾಟರಿಯಿತ್ತು, ಮಕ್ಕಳು ಹಸಿದಾವೆಂದು ಚುರುಮುರಿಯಿತ್ತು. ಮಕ್ಕಳು ವೇದಿಕೆ ಮೇಲೆ ಸಾಲಾಗಿ ಕೂತವು. ಎರಡನೇ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿದ್ದ ರುಮಾಲಿನ ಕಾಕಾ ದೊಡ್ಡ ದನಿಯಲ್ಲಿ ಕೇಳಿದರು: "ಎಲ್ಲಾ ಬಂದಂಗಾತು, ಮದುಮಗ ಎಲ್ಲಿದಾನ್ರಿ?" ಮೂರು ಸಾಲು ನಕ್ಕವು. ನಾನು ಚೀಲಕ್ಕೆ ಕೈಹಾಕಿ ಚುರುಮುರಿ ಮುಕ್ಕತೊಡಗಿದೆ.

ಮಕ್ಕಳು ಭೂಪ ರಾಗ ಎತ್ತಿಕೊಂಡವು, ಮೆಲ್ಲಗೆ. ಪಟಾಕಿ, ಜನರೇಟರುಗಳ ನಡುವೆಯೇ ಕೇಳಿದ್ದ ಈ ವಾದ್ಯಕ್ಕೆ ಇಷ್ಟು ಮೆದು ದನಿ ಇದೆಯೆಂದು ನಮಗೆ ಯಾರು ಹೇಳಿದ್ದರು? ಗಂಗಾ ಒಬ್ಬಳೇ ಊದಿದಾಗ ಜೋಳ ತುಂಬಿದ ಹಗೇವಿನೊಳಗೆ, ನೆಲದಡಿಯಿಂದ, ಯಾರೋ ಹಾಡಿದಂತಿತ್ತು. ಕಾಕಾ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಕೊನೆಗೆ, ಎಲ್ಲ ಬಾಜಾಗಳೂ ಒಮ್ಮೆಲೇ ಭೋರ್ಗರೆದವು.

ನಮ್ಮ ಕಡೆ ಬ್ಯಾಂಡು ಹೀಗೆ ಒಮ್ಮೆಲೇ ಜೋರಾಯಿತೆಂದರೆ ಅದು ಮದುಮಕ್ಕಳ ಮೇಲೆ ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕುವ ಹೊತ್ತು. ತಾಳಿ ಕಟ್ಟುವುದು ಕಾಣದಷ್ಟು ಹಿಂದೆ ಕೂತವರೂ ಆ ಸದ್ದಿಗೇ ಏಳುತ್ತಾರೆ, ಕೈ ತಾನಾಗಿ ಬೀಸುತ್ತದೆ.

ಸಭೆ ಎದ್ದಿತು. ಜೊತೆಗೆ ನನ್ನ ಚಿಂತೆಯೂ ಎದ್ದಿತು: ಮಂದಿ ಎದ್ದರು! ಕ್ಲಾಸ್ ಬಂದ್! ಆದರೆ ಒಬ್ಬರೂ ಬಾಗಿಲ ಕಡೆ ತಿರುಗಲಿಲ್ಲ. ನನ್ನದೂ ಸೇರಿ ಎಲ್ಲರ ಕೈಗಳೂ ವೇದಿಕೆಯತ್ತ ಬೀಸಿದ್ದವು. ಮುಷ್ಟಿಯಲ್ಲಿ ಕಾಳಿಲ್ಲವೆಂದು ಹೊಳೆದದ್ದೇ ಅದೇ ಕೈಗಳು ಚಪ್ಪಾಳೆಯಾದವು. "ಇನ್ನೊಮ್ಮೆ ಊದ್ರಿ!" ಅಂತ ಕಾಕಾ ರುಮಾಲು ಗಾಳಿಗೆ ತೂರಿದರು. ಮುಂದಿನ ಸಾಲಿನಲ್ಲಿ ಗುರುಗಳೂ ನಿಂತಿದ್ದರು, ಅವರ ಬಲಗೈ ಇನ್ನೂ ಮೇಲೇ ಇತ್ತು. ಅದನ್ನು ಮೆಲ್ಲಗೆ ಇಳಿಸುತ್ತ ಗಂಗಾಳಿಗೆ ಹೇಳಿದರು: "ಮಂದಿ ಎದ್ದಾರ ಖರೆ. ಹೋಗಿಲ್ಲ. ಸೋಮವಾರ ಎಲ್ಲಾರೂ ಕ್ಲಾಸಿಗೆ ಬರ್ರಿ."

ಬಸ್ಸು ಬಂದಿತ್ತು, ಕರೆಂಟು ಇತ್ತು, ಸೀನು ಬರಲಿಲ್ಲ. ಈಗ ಬಾಜಾಕ್ಕೆ ನೀರು ತುಂಬಿ, ಕುಲುಕಿ, ಬೋರಲು ಹಾಕಿದೆ. ಕಪ್ಪು ನೀರಿನ ಜೊತೆ ಉಬ್ಬಿ ಮೆತ್ತಗಾದ ಚುರುಮುರಿ ಬಂತು, ಅರ್ಧ ಮುಷ್ಟಿಯಷ್ಟು.

"ಏನಿತ್ತಪ್ಪಾ ಒಳಗ?" ಅಂದಳು ಗಂಗಾ, ಬಾಗಿಲಿನಿಂದ.

"ಅಕ್ಕಿಕಾಳವ್ವ" ಅಂದೆ. ಅವತ್ತು ಅಷ್ಟು ಮಂದಿಯಲ್ಲಿ ಕೈ ಖಾಲಿ ಇರದಿದ್ದವನು ನಾನೊಬ್ಬನೇ.