ಮುಂದಕ್ಕೆ ಹೋಗದ ಸೈಕಲ್ಲಿನ ಪೂಜೆ

ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಒಂದು ಸೈಕಲ್ ಇದೆ, ಅದು ಎಲ್ಲಿಗೂ ಹೋಗುವುದಿಲ್ಲ. ಹೀಗೆ ಶುರು ಮಾಡಿ ಎರಡು ಪುಟ ಬರೆದೆ. ಹರಿದು ಹಾಕಿದೆ. ಅದು ತಮಾಷೆಯ ಆರಂಭ. ಆ ತಮಾಷೆಯ ಹಿಂದೆ ನಾನು ಅಡಗಿ ಕೂರುವವನಿದ್ದೆ. ನಿಜ ಇಷ್ಟು: ಮೊದಲು ಬಂದ ಸೈಕಲ್ಲು ಕೆಟ್ಟಿದೆ ಎಂದು ನಾನು ಅಂಗಡಿಗೆ ವಾಪಸ್ಸು ಕಳಿಸಿದೆ. ಅದು ಕೆಟ್ಟಿರಲಿಲ್ಲ. ನನ್ನ ಹೆಂಡತಿ ಕಸ್ತೂರಿಯ ಎದೆಯಲ್ಲಿ ಏನೋ ಸರಿಯಿಲ್ಲ ಎಂದು ಅದು ಅಂಕಿಯಲ್ಲಿ ಬರೆದು ತೋರಿಸಿತ್ತು. ಅದನ್ನು ನಂಬದೆ ನಾನು ಒಂಬತ್ತು ದಿನ ಕಳೆದೆ. ಆರು ತಿಂಗಳಾಯಿತು, ಆ ಒಂಬತ್ತು ದಿನ ನೆನೆದರೆ ಈಗಲೂ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ.

ನಾನು ಚಿಕ್ಕೋಡಿಯಲ್ಲಿ ಸರ್ವೇಯರ್, ಹೊಲ ಅಳೆಯುವವನು. ಇಪ್ಪತ್ತೊಂಬತ್ತು ವರ್ಷ ಅಣ್ಣತಮ್ಮಂದಿರ ಜಗಳದ ನಡುವೆ ಸರಪಳಿ ಹಿಡಿದು ನಿಂತಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ, ನೆನಪನ್ನು ನಂಬಬಾರದು. "ಬಾಂದಿನ ಕಲ್ಲು ಇಲ್ಲೇ ಇತ್ರಿ ಸಾಹೇಬ್ರ, ನಮ್ಮಪ್ಪ ಅದರ ಮ್ಯಾಲ ಕುಂತು ಬುತ್ತಿ ಉಣ್ಣತಿದ್ದ" ಎಂದು ಅಣ್ಣ ಆಣೆ ಮಾಡುತ್ತಾನೆ. ತಮ್ಮ ಅದೇ ಅಪ್ಪನನ್ನು, ಅದೇ ಬುತ್ತಿಯ ಸಮೇತ, ಹನ್ನೆರಡು ಹೆಜ್ಜೆ ಆಚೆಗೆ ಕೂರಿಸುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಅಗೆದರೆ ಗಡಿಯ ಕಲ್ಲು ಮೂರನೆಯ ಜಾಗದಲ್ಲಿ ಸಿಗುತ್ತದೆ. ನೆನಪು ಎಷ್ಟು ಅಚ್ಚುಕಟ್ಟಾಗಿರುತ್ತದೋ ಅಷ್ಟು ಅನುಮಾನ ಪಡಬೇಕು. ಇದನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ದೊಡ್ಡ ದನಿಯಲ್ಲಿ ಹೇಳುತ್ತಾ ಬಂದವನು, ಮನೆಗೆ ಬಂದ ಕೂಡಲೇ ಚಪ್ಪಲಿಯ ಜೊತೆಗೆ ಇದನ್ನೂ ಹೊರಗೆ ಬಿಡುತ್ತಿದ್ದೆ.

ಎಲ್ಲ ಶುರುವಾಗಿದ್ದು ನನ್ನ ಬಲಮೊಣಕಾಲಿನಿಂದ. ಡಾಕ್ಟರು ಅದನ್ನು ಒತ್ತಿ, ತಿರುವಿ, ನನ್ನ ಹೊಟ್ಟೆಯ ಕಡೆ ನೋಡಿದರು. ತೂಕ ಇಳಿಯಬೇಕು. ದಿನಾ ಅರ್ಧ ತಾಸು ಎದೆಬಡಿತ ಏರುವಂಥ ವ್ಯಾಯಾಮ ಬೇಕು. ಆದರೆ ಮೊಣಕಾಲಿಗೆ ಪೆಟ್ಟು ಬೀಳಬಾರದು. ಓಟ ಬೇಡ, ಜಿಗಿತ ಬೇಡ. ಅಂದರೆ ಬೆವರು ಸುರಿಯಬೇಕು, ಕಾಲು ನೆಲಕ್ಕೆ ಬಡಿಯಬಾರದು. ನಮ್ಮ ಪುರಾಣಗಳ ಪ್ರಕಾರ ಕಾಲು ನೆಲಕ್ಕೆ ತಾಗದಂತೆ ನಿಲ್ಲುವವರು ದೇವತೆಗಳು, ಅವರಿಗೆ ಬೆವರೂ ಬರುವುದಿಲ್ಲವಂತೆ. ತೊಂಬತ್ತೊಂದು ಕಿಲೋ ತೂಕದ ಸರ್ವೇಯರನಿಗೆ ಇವರು ಅರ್ಧ ದೇವತೆಯಾಗಲು ಹೇಳುತ್ತಿದ್ದಾರೆ ಎಂದುಕೊಂಡು ಮನೆಗೆ ಬಂದೆ.

ಆಮೇಲೆ ಯಂತ್ರದ ಆಯ್ಕೆ. ಮನೆಯವರೆಲ್ಲ ಮಾಳಿಗೆಯಲ್ಲಿ ಕೂತು ಚರ್ಚಿಸಿದೆವು ಎಂದು ನೆನಪು ಹೇಳುತ್ತದೆ. ಅನುಮಾನ. ಚರ್ಚಿಸಿದ್ದು ನಾನು ಮತ್ತು ಬಿ.ಎಡ್. ಓದುವ ಮಗಳು ವೈಶಾಲಿ. ಕಸ್ತೂರಿ ಕೆಳಗಿನಿಂದ ಚಹಾ ತಂದುಕೊಡುತ್ತಿದ್ದಳು. ನಾನು ಕೋಣೆಯನ್ನು ಅಳೆದು ನಕ್ಷೆ ತೆಗೆದಿದ್ದೆ. ಬಾಗಿಲಿನ ಅಗಲ, ಫ್ಯಾನಿನ ಎತ್ತರ, ಕಿಟಕಿಯ ಗಾಳಿ ಯಾವ ದಿಕ್ಕಿನಿಂದ ಎಂಬುದೂ ಅದರಲ್ಲಿ ಇತ್ತು. ಕೆಳಗಿನಿಂದ ಮಾಳಿಗೆಗೆ ಹದಿನೇಳು ಮೆಟ್ಟಿಲು ಎಂಬುದು ಇರಲಿಲ್ಲ.

ಟ್ರೆಡ್‌ಮಿಲ್ಲನ್ನು ಮೊದಲೇ ಬಿಟ್ಟೆವು. ಅದರ ಮೇಲೆ ಓಡಿದರೂ ಪೆಟ್ಟು ಬೀಳುವುದು ಮೊಣಕಾಲಿಗೇ. ಹತ್ತಿ ಇಳಿಯುವ ಸ್ಟೆಪ್ಪರ್ ಎಂಬ ಸಣ್ಣ ಯಂತ್ರವಿದೆ, ಅದನ್ನು ನೋಡಿದರೇ ಮೊಣಕಾಲು ನೋಯುತ್ತಿತ್ತು. ಕ್ರಾಸ್ ಟ್ರೇನರ್ ಎಂಬುದು ನಿಜಕ್ಕೂ ದೇವತೆಗಳ ಯಂತ್ರ. ಪಾದ ಹಲಗೆಯಿಂದ ಮೇಲೇಳುವುದೇ ಇಲ್ಲ, ಗಾಳಿಯಲ್ಲಿ ನಡೆದಂತೆ ಕೈಕಾಲು ಆಡುತ್ತವೆ. ಆದರೆ ಅದು ಮನುಷ್ಯನನ್ನು ಒಂದೂವರೆ ಅಡಿ ಮೇಲೆತ್ತುತ್ತದೆ, ನಕ್ಷೆಯ ಪ್ರಕಾರ ನನ್ನ ತಲೆ ಫ್ಯಾನಿನ ರೆಕ್ಕೆಗೆ ಸಿಗುತ್ತಿತ್ತು. ಇನ್ನು ದೋಣಿಯಲ್ಲಿ ಕೂತಂತೆ ಹುಟ್ಟು ಹಾಕುವ ಯಂತ್ರ. ಮೊಣಕಾಲಿಗೆ ಪೆಟ್ಟಿಲ್ಲ, ಮೈಯೆಲ್ಲ ದುಡಿಯುತ್ತದೆ. ಅದರ ವಿಡಿಯೋ ನೋಡಿ ಕಸ್ತೂರಿಯ ತಮ್ಮ ಅಪ್ಪಾಸಾಬ ನಕ್ಕ ನಗೆ ಕೃಷ್ಣಾ ಹೊಳೆಯ ದಂಡೆಯ ಅವನ ಊರು ಜುಗೂಳಿಗೂ ಕೇಳಿಸಿರಬೇಕು.

"ದಾಜಿ," ಎಂದ. ಅಕ್ಕನ ಗಂಡನನ್ನು ಈ ಕಡೆ ಹಾಗೆ ಕರೆಯುತ್ತಾರೆ. "ನಮ್ಮೂರಾಗ ಹೊಳಿ ಐತಿ, ದೋಣಿ ಐತಿ, ಹುಟ್ಟ ಹಾಕೋರ ಇಲ್ಲ. ನೀವು ಮಾಳಗಿ ಮ್ಯಾಲ ನೀರಿಲ್ಲದ ದೋಣಿ ನಡಸವ್ರೇನು?"

ಉಳಿದದ್ದು ನಿಂತ ಸೈಕಲ್. ಕೂತರೆ ದೇಹದ ಭಾರ ಸೀಟಿನ ಮೇಲೆ, ಮೊಣಕಾಲಿಗೆ ತಿರುಗುವ ಕೆಲಸ ಮಾತ್ರ. ಪೆಡಲು ಕೆಳಗೆ ಹೋದಾಗ ಮೊಣಕಾಲು ಸ್ವಲ್ಪ ಬಾಗಿಯೇ ಇರುವಂತೆ ಸೀಟು ಏರಿಸಬೇಕು, ತುಳಿತ ಅಯಸ್ಕಾಂತದಿಂದ ಬಿಗಿಯಾಗುವಂಥದ್ದು ತಂದರೆ ಸದ್ದಿಲ್ಲ. ಇಷ್ಟೆಲ್ಲ ತಿಳಿದುಕೊಂಡೆ. ಗಾಣದ ಎತ್ತಿನ ನೆನಪೂ ಆಯಿತು. ಅದೂ ಎಲ್ಲಿಗೂ ಹೋಗುವುದಿಲ್ಲ, ಆದರೆ ಕೊನೆಗೆ ಎಣ್ಣೆಯನ್ನಾದರೂ ತೋರಿಸುತ್ತದೆ. ನಾನು ತೆಗೆಯಬೇಕಾದ ಎಣ್ಣೆ ನನ್ನೊಳಗೇ ಇತ್ತು.

ಇದೆಲ್ಲ ಯಾತಕ್ಕೆ ಎಂದು ಕಸ್ತೂರಿ ಒಮ್ಮೆ ಕೇಳಿದಳು. ಕಾಲಿಗೆ ಪೆಟ್ಟಿಲ್ಲದೆ ದಮ್ಮು ಹತ್ತಿಸುವ, ಏದುಸಿರು ಬರಿಸುವ ಯಂತ್ರ ಎಂದೆ. ಅವಳು ಚಹಾದ ತಾಟು ಹಿಡಿದು ನಿಂತೇ, "ದಮ್ಮು ಹತ್ತಾಕ ಒಂದು ಮಷಿನ್ ಬೇಕೇನ್ರಿ?" ಎಂದಳು. ಎಂಥ ಮಾತು! ನನಗೆ ಅದು ಬಹಳ ಹಿಡಿಸಿತು. ಕಚೇರಿಯಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ.

ಸೈಕಲ್ ನಿಪ್ಪಾಣಿಯಿಂದ ತಂದದ್ದು. ಆ ಅಂಗಡಿ ಹಿಂದೆ ತಂಬಾಕಿನ ಗೋದಾಮು ಆಗಿತ್ತು, ಒಳಗೆ ಕಾಲಿಟ್ಟರೆ ಇನ್ನೂ ಮೂಗಿಗೆ ಘಾಟು ಹೊಡೆಯುತ್ತದೆ. ಶ್ವಾಸಕೋಶ ಗಟ್ಟಿ ಮಾಡುವ ಯಂತ್ರಗಳ ನಡುವೆ ನಾನು ಎರಡು ಸಲ ಸೀನಿದೆ. ಮಾಲೀಕರು ಸೀಟು ತಟ್ಟಿ, "ಬಘಾ ಸಾಹೇಬ, ಗುಡಘ್ಯಾಲಾ ಕಾಹೀ ತ್ರಾಸ ನಾಹೀ. ಮೊಣಕಾಲಿಗಿ ಏನೂ ಆಗಂಗಿಲ್ಲ" ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ಭರವಸೆ ಕೊಟ್ಟರು. ಹಿಡಿಕೆಯ ಮೇಲಿನ ಲೋಹದ ಪಟ್ಟಿಯನ್ನು ಎರಡು ಕೈಯಿಂದ ಹಿಡಿದರೆ ಎದೆಬಡಿತದ ಅಂಕಿ ಪರದೆಯ ಮೇಲೆ ಬರುತ್ತದೆ ಎಂದೂ ತೋರಿಸಿದರು. ನನ್ನದು ಎಂಬತ್ತನಾಲ್ಕು ಬಂತು. ಪರೀಕ್ಷೆಯಲ್ಲಿ ಪಾಸಾದವನಂತೆ ಹಿಗ್ಗಿದೆ.

ಈಗ ಪೂಜೆಗೆ ಬರುತ್ತೇನೆ. ನಮ್ಮ ಕಡೆ ಹೊಸ ಯಂತ್ರ ಮನೆಗೆ ಬಂದರೆ, ಟ್ರ್ಯಾಕ್ಟರ್ ಇರಲಿ, ಹಿಟ್ಟಿನ ಗಿರಣಿ ಇರಲಿ, ಕಾಯಿ ಒಡೆದು, ಗಾಲಿಗೆ ಲಿಂಬೆಹಣ್ಣು ಇಟ್ಟು, ಮನೆಯ ಮುತ್ತೈದೆಯಿಂದ ಮೊದಲು ಮುಟ್ಟಿಸುತ್ತೇವೆ. ಹತ್ತಿ ಕೂರುವಂಥದ್ದಾದರೆ ಅವಳೇ ಮೊದಲು ಕೂರಬೇಕು. ನಮ್ಮ ಸ್ಕೂಟರಿನ ಮೇಲೆ ಮೊದಲು ಕೂತವಳು ಕಸ್ತೂರಿ. ಅಪ್ಪಾಸಾಬನ ಟ್ರ್ಯಾಕ್ಟರಿನ ಮೇಲೆ ಅವನ ಹೆಂಡತಿ. ಆಮೇಲೆ ಆ ಓಡಿಸುವ ಸೀಟಿನ ಮೇಲೆ ಅವರಿಬ್ಬರೂ ಯಾವತ್ತೂ ಕೂತದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಪೂಜೆ. ಲಿಂಬೆಹಣ್ಣು ಹಿಡಿದು ಅಪ್ಪಾಸಾಬ ಯಂತ್ರದ ಸುತ್ತ ಎರಡು ಸುತ್ತು ಬಂದ. "ದಾಜಿ, ಇದನ್ನ ಎಲ್ಲಿಡೂದ್ರಿ? ಇದರ ಗಾಲಿ ಪೆಟಗ್ಯಾಗ ಐತಿ." ಮುಂದಕ್ಕೆ ಹೋಗದ ಗಾಡಿ ಲಿಂಬೆಹಣ್ಣು ಜಜ್ಜುವುದು ಹೇಗೆ? ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಯಂತ್ರವನ್ನು ಸರಿಸಲೆಂದು ಅಡಿಯಲ್ಲಿ ಕೊಟ್ಟಿದ್ದ ಎರಡು ಪುಟ್ಟ ಗಾಲಿ ಕಂಡವು. ಇಬ್ಬರೂ ಸೇರಿ ಅದನ್ನು ಮುಂದಕ್ಕೆ ಬಾಗಿಸಿ, ಕೈಗಾಡಿಯಂತೆ ನೂಕಿ, ಹಣ್ಣನ್ನು ಚಪ್ಪಟೆ ಮಾಡಿದೆವು. ಅಷ್ಟರಲ್ಲಿ ಕಸ್ತೂರಿ ಆರತಿ ತಟ್ಟೆ ಹಿಡಿದು ನಗುತ್ತಾ ಮೇಲೆ ಬಂದಳು, ಕುಂಕುಮ ಹಚ್ಚಿದಳು, ಸೀರೆ ಸರಿಮಾಡಿಕೊಂಡು ಕೂತು ಹಿಡಿಕೆ ಹಿಡಿದಳು.

ಪರದೆಯ ಮೇಲೆ ೧೪೧ ಬಂತು. ಆಮೇಲೆ ೧೧೮. ಆಮೇಲೆ ೧೫೬. ಪೆಡಲು ಒಂದು ಸುತ್ತೂ ತಿರುಗಿರಲಿಲ್ಲ.

"ಅಕ್ಕ ಗೇರ ಹಾಕೂಕಿಂತ ಮೊದಲ ಇಂಜಿನ್ ರೇಸ್ ಮಾಡ್ಯಾಳ ನೋಡ್ರಿ" ಎಂದ ಅಪ್ಪಾಸಾಬ. ಎಲ್ಲರೂ ನಕ್ಕೆವು. ಅವಳನ್ನು ಇಳಿಸಿ ನಾನು ಕೂತೆ, ಎಂಬತ್ತೆರಡು. ಅಪ್ಪಾಸಾಬ ಕೂತ, ಎಪ್ಪತ್ತಾರು. ವೈಶಾಲಿ ಕೂತಳು, ತೊಂಬತ್ತು. ಮತ್ತೆ ಕಸ್ತೂರಿ, ೧೪೮. ನಾನು ತಜ್ಞನ ಗತ್ತಿನಲ್ಲಿ ತೀರ್ಪು ಕೊಟ್ಟೆ. ಮಷಿನ್ ಕೆಟ್ಟಿದೆ, ಬದಲಿಸಿ ಕೊಡಬೇಕು.

ನಮ್ಮ ಕೆಲಸದ ಮೊದಲ ಪಾಠ ಹೀಗಿದೆ: ಸರಪಳಿ ಮೂರು ಹೊಲದಲ್ಲಿ ಸರಿಯಾಗಿ ಅಳೆದು ನಾಲ್ಕನೆಯದರಲ್ಲಿ ವಿಚಿತ್ರ ಅಳತೆ ಕೊಟ್ಟರೆ, ಹೋಗಿ ಆ ಹೊಲವನ್ನು ನೋಡು. ಇಪ್ಪತ್ತೊಂಬತ್ತು ವರ್ಷ ಇದನ್ನು ಪಾಲಿಸಿದವನು ಆ ದಿನ ಸರಪಳಿಯನ್ನೇ ನಿಪ್ಪಾಣಿಗೆ ಕಳಿಸಿದೆ.

ಒಂಬತ್ತು ದಿನದ ಮೇಲೆ ಬೇರೆ ಸೈಕಲ್ ಬಂತು. ಫೋನಿನಲ್ಲಿ ನಾನು ಆಡಿದ ಮಾತಿಗೆ ನೊಂದಿದ್ದ ಮಾಲೀಕರು ಟೆಂಪೋದಲ್ಲಿ ತಾವೇ ಬಂದಿದ್ದರು. ಕಸ್ತೂರಿಯನ್ನೇ ಕೂರಿಸಿ ಎಂದರು. ೧೫೨. ೧೨೦. ೧೪೫. ನಾನು ಗೆದ್ದವನಂತೆ, "ನೋಡ್ರಿ, ಇದೂ ಹಂಗಽ ಐತಿ" ಎಂದೆ. ಅವರು ಕೊರೋನಾ ಕಾಲದಿಂದ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ತೆಗೆದು ಕಸ್ತೂರಿಯ ಕೈಗೆ ಕೊಟ್ಟರು. ಅದರಲ್ಲೂ ಅಂಕಿ ಕುಣಿಯಿತು. ತಮ್ಮ ಮಾಲಿನ ಮರ್ಯಾದೆ ಉಳಿಸಿಕೊಳ್ಳಲು ಇಪ್ಪತ್ತೈದು ಕಿಲೋಮೀಟರ್ ಬಂದಿದ್ದ ಆ ಮನುಷ್ಯ ಮೆಲ್ಲಗೆ, "ಸಾಹೇಬ, ಮಷಿನ್ ಚಲೋ ಐತಿ. ವೈನಿಯವ್ರನ್ನ ಡಾಕ್ಟರ ಕಡೆ ಕರ್ಕೊಂಡ ಹೋಗ್ರಿ. ಇವತ್ತಽ ಹೋಗ್ರಿ" ಎಂದರು.

ಕಸ್ತೂರಿ, "ನಿಮಗ ಚಹಾ ತರಲೇನ್ರಿ?" ಎಂದು ಅವರನ್ನು ಕೇಳಿದಳು.

ಮಿರಜಿನ ಹೃದಯದ ಡಾಕ್ಟರು ಪರದೆಯ ಮೇಲೆ ಅವಳ ಎದೆಯೊಳಗಿನ ಒಂದು ಬಾಗಿಲು, ಹೃದಯದ ಕವಾಟ, ತೋರಿಸಿದರು. ಚಿಕ್ಕಂದಿನಲ್ಲಿ ಕೀಲುಗಳು ಬಾತು ಜ್ವರ ಬಂದಿರಬೇಕು, ಆಗ ಈ ಬಾಗಿಲು ಅಂಟಿಕೊಂಡಿದೆ, ಅರ್ಧಕ್ಕಿಂತ ಕಡಿಮೆ ತೆರೆಯುತ್ತಿದೆ, ಬಡಿತದ ಲಯ ತಪ್ಪಿದೆ ಎಂದರು. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಯಾವತ್ತಾದರೂ ಒಮ್ಮೆಲೇ ಲಕ್ವಾ ಹೊಡೆಯಬಹುದಿತ್ತು. ದಮ್ಮು ಹತ್ತುವುದು ಎಷ್ಟು ದಿನದಿಂದ ಎಂದು ಕೇಳಿದರು.

"ಹಂಗೇನೂ ಇಲ್ರಿ, ಆಕಿಗೆ ದಮ್ಮು ಹತ್ತಂಗಿಲ್ಲ" ಎಂದೆ ನಾನು. ಸಾಕ್ಷಿದಾರನ ದನಿಯಲ್ಲಿ, ಆಣೆ ಮಾಡುವಷ್ಟು ಖಚಿತವಾಗಿ.

"ವೈಶಾಲಿ ಹೊಟ್ಯಾಗ ಇದ್ದಾಗಿಂದ್ರಿ" ಎಂದಳು ಕಸ್ತೂರಿ. ವೈಶಾಲಿಗೆ ಈಗ ಇಪ್ಪತ್ತಮೂರು.

ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು. ಅವಳಿಗೆ ಪ್ರಶ್ನೆಯೇ ಅರ್ಥವಾಗದಂತೆ ತೋರಿತು. "ಎಲ್ಲಾರಿಗೂ ಹಂಗಽ ಆಗತೈತಿ ಅಂತ ತಿಳ್ಕೊಂಡಿದ್ನಿರಿ."

ನಾನು ಕಚೇರಿಯಲ್ಲಿ ಹಂಚಿ ನಗಿಸಿದ ಆ ಮಾತು ಚಟಾಕಿ ಆಗಿರಲಿಲ್ಲ. ದಮ್ಮು ಹತ್ತಲು ಮನುಷ್ಯನಿಗೆ ಯಂತ್ರ ಬೇಕಾಗುತ್ತದೆ ಎಂಬುದು ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಆ ಸಂಜೆ ಆಸ್ಪತ್ರೆಯ ಬಾಕಿನ ಮೇಲೆ ಕೂತು ವೈಶಾಲಿ ತೆಗೆದಿದ್ದ ಪೂಜೆಯ ವಿಡಿಯೋ ನೋಡಿದೆ. ಕಸ್ತೂರಿ ನಗುತ್ತಾ ಮೇಲೆ ಬಂದಳು ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದು ಹಾಕಿ. ವಿಡಿಯೋದಲ್ಲಿ ಅವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಚೌಕಟ್ಟಿನ ಮೇಲೆ. ಬಾಯಿ ತೆರೆದಿದೆ. ಹೆಗಲು ಏರುತ್ತದೆ, ಇಳಿಯುತ್ತದೆ, ಏರುತ್ತದೆ. ಹದಿನೆಂಟು ಸಲ ಎಣಿಸಿದೆ. ನಗು ಕೇಳಿಸುತ್ತದೆ, ಅದು ನನ್ನದು. ಲಿಂಬೆಹಣ್ಣಿನ ಮೇಲೆ ಬಗ್ಗಿಕೊಂಡೇ ನಾನು, "ಜಲ್ದಿ ಬಾ ಬೇ, ಮುಹೂರ್ತ ಮೀರತೈತಿ" ಎನ್ನುತ್ತೇನೆ. ಅವಳಿಂದ ನಾಲ್ಕು ಅಡಿ ದೂರದಲ್ಲಿದ್ದೆ. ತಲೆ ಎತ್ತುವುದಿಲ್ಲ. ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದರೂ ತಲೆ ಎತ್ತುವುದಿಲ್ಲ.

ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಆ ಬಾಗಿಲನ್ನು ಅಗಲ ಮಾಡಿದರು. ಒಳಗೆ ಕರೆದೊಯ್ಯುವ ಮುಂಚೆ ಅವಳು ನನಗೆ ಹೇಳಿದ್ದು ಹಾಲು ಕೆನೆಗಟ್ಟುವ ಮೊದಲು ಒಲೆಯಿಂದ ಇಳಿಸಬಾರದು ಎಂದು. ನಾನು ಅವಳಿಗೆ ಹೇಳಿದ್ದು ಏನೆಂದು ನೆನಪಿಲ್ಲ; ಏನಾದರೂ ಒಳ್ಳೆಯದು ನೆನಪಾದರೆ ಅದನ್ನು ನಂಬುವುದಿಲ್ಲ. ಗುಳಿಗೆ ಶುರುವಾದವು. ಲಯ ಹಿಡಿತಕ್ಕೆ ಬಂತು. ಎರಡು ತಿಂಗಳ ಮೇಲೆ ಡಾಕ್ಟರು, ನಿಧಾನಕ್ಕೆ ಮೆಟ್ಟಿಲು ಹತ್ತಬಹುದು, ಆ ಸೈಕಲ್ಲನ್ನೂ ಹತ್ತು ನಿಮಿಷ ತುಳಿಯಬಹುದು ಎಂದರು.

ಮುಂದಿನದು ತೀರಾ ಅಚ್ಚುಕಟ್ಟಾಗಿ ನಡೆಯಿತಾದ್ದರಿಂದ ವೈಶಾಲಿಯನ್ನೂ ಅಪ್ಪಾಸಾಬನನ್ನೂ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿ ಬರೆಯುತ್ತಿದ್ದೇನೆ. ನಾನು ಸೈಕಲ್ ತುಳಿಯುತ್ತಿದ್ದೆ. ಅವರಿಬ್ಬರೂ ಅಲ್ಲೇ ಕೂತಿದ್ದರು. ಕಸ್ತೂರಿ ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು, ದಮ್ಮು ಹತ್ತುವುದನ್ನು ಕಾಯುತ್ತಾ. ಅದು ಬರಲಿಲ್ಲ. ಇನ್ನೂ ಸ್ವಲ್ಪ ಕಾದಳು. ಮುಖದಲ್ಲಿ ಸಂತೋಷವಿರಲಿಲ್ಲ. ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು, ಮನೆಯವರೆಲ್ಲ ಸೇರಿ ಏನನ್ನೋ ಬಚ್ಚಿಟ್ಟಿದ್ದು ಈಗ ಸಿಕ್ಕಿಬಿದ್ದಿದೆ ಎಂಬಂತೆ.

"ನಿಮಗೆಲ್ಲಾರಿಗೂ ಮೊದಲಿಂದಾನೂ ಇಷ್ಟ ಹಗೂರ ಇತ್ತೇನು?"

ಅವಳು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು.

"ಮತ್ತ ಇಷ್ಟ ದಮ್ಮು ಇಟಗೊಂಡು ಇಷ್ಟ ವರ್ಷ ಏನ ಮಾಡಿದ್ರಿ ನೀವು?"

ಅಪ್ಪಾಸಾಬ ನೆಲ ನೋಡಿದ. ನಾನು ಪೆಡಲು ನಿಲ್ಲಿಸಿ ಯೋಚಿಸಿದೆ, ಪ್ರಾಮಾಣಿಕವಾಗಿಯೇ ಯೋಚಿಸಿದೆ.

"ಏನೂ ಇಲ್ಲ" ಎಂದೆ.

"ಹಂಗಾರ ಇಳೀರಿ" ಎಂದಳು.