ಕೈಬಿಟ್ಟ ಆಟಗಾರ ಯಾರ ಪಾಲು?

ನಿನ್ನೆಯ ಮಲ್ಲಿಗೆ ಮಾಲೆ ಕಂಪ್ಯೂಟರಿನ ಮೂಲೆಗೆ ಜೋತುಬಿದ್ದಿತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಝೆರಾಕ್ಸ್ ಮಷಿನ್ ಹಾಕಿದೆ. ಅದು ಬಿಸಿಯಾಗುತ್ತಿದ್ದಂತೆ ಬಾಡಿದ ಹೂವು ಮತ್ತೆ ಘಮ್ಮೆಂದಿತು. ಭಟ್ಕಳ ಮಲ್ಲಿಗೆಯ ಸ್ವಭಾವವೇ ಹಾಗೆ, ಬಾಡಿದರೂ ಹಟ ಬಿಡುವುದಿಲ್ಲ. ಈ ಹೂವು ಒಮ್ಮೆ ಹದಿನೇಳು ದಿನ ನನ್ನ ಅಂಗಡಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಹೊರಟರೆ ನಾನು ಅಮೆರಿಕದವರೆಗೆ ಹೋಗಿ ಬರಬೇಕು. ನಿಮಗೆ ಪುರಸೊತ್ತಿದೆ ತಾನೆ?

ಹೊನ್ನಾವರದ ಕಾಲೇಜಿನಲ್ಲಿ ನಾವು ಎಂಟು ಹುಡುಗಿಯರು ಬಾಸ್ಕೆಟ್‌ಬಾಲ್ ಆಡುತ್ತಿದ್ದೆವು. ಕೆಂಪುಮಣ್ಣಿನ ಅಂಗಳ, ಬಲೆಯಿಲ್ಲದ ರಿಂಗು. ಗೆದ್ದದ್ದು ಕಡಿಮೆ, ಮೊಣಕಾಲು ತರಚಿಸಿಕೊಂಡದ್ದು ಹೆಚ್ಚು. ಮದುವೆ, ಮಕ್ಕಳು, ಸೊಂಟನೋವು ಎಲ್ಲ ಆದ ಮೇಲೆ, ನಾಲ್ಕು ವರ್ಷದ ಹಿಂದೆ, ಭಟ್ಕಳದ ನಸೀಮಾ ಫೋನಿನಲ್ಲಿ ಒಂದು ಆಟ ಹುಡುಕಿದಳು. ಕಾಲು ನೋಯದ ಬಾಸ್ಕೆಟ್‌ಬಾಲ್! ಅಮೆರಿಕದ ಆಟಗಾರರನ್ನು ನಾವು ನಾವೇ ಹಂಚಿಕೊಂಡು ತಲಾ ಒಂದು ತಂಡ ಕಟ್ಟುವುದು. ಅವರು ಅಲ್ಲಿ ನಿಜವಾಗಿ ಆಡಿದಷ್ಟೂ ಇಲ್ಲಿ ನಮಗೆ ಅಂಕ. ಒಬ್ಬ ಆಟಗಾರ ಒಬ್ಬಳಿಗೆ ಮಾತ್ರ. ಹೊಸಬ ಬೇಕೆಂದರೆ ಇದ್ದವರಲ್ಲಿ ಒಬ್ಬನನ್ನು ಕೈಬಿಡಬೇಕು. ಹಾಗೆ ಕೈಬಿಟ್ಟವನು ಮುಂದೆ ಯಾರ ಪಾಲು? ರಗಳೆಯೆಲ್ಲ ಇರುವುದು ಇಲ್ಲೇ.

ನಿಯಮ ಬರೆದವಳು ನಾನು. ದಿನವಿಡೀ ಬೇರೆಯವರ ಅರ್ಜಿ ಟೈಪು ಮಾಡುವವಳಿಗೆ ಸ್ವಂತದ್ದೊಂದು ಕಾನೂನು ಸಿಕ್ಕರೆ ಕೇಳಬೇಕೆ? 'ಕೈಬಿಟ್ಟ ಆಟಗಾರನು ಮೊದಲು ಗುಂಡಿ ಒತ್ತಿದವಳಿಗೆ ಸೇರತಕ್ಕದ್ದು. ಯಾರೂ ಯಾರಿಗೂ ಆಟಗಾರರನ್ನು ದಾನ ಕೊಡತಕ್ಕದ್ದಲ್ಲ.' ಎಂಟು ಪ್ರತಿ ತೆಗೆದು, ಎಂಟಕ್ಕೂ ಲ್ಯಾಮಿನೇಶನ್ ಮಾಡಿ ಹಂಚಿದೆ. ಎಲ್ಲರಿಗೂ ಒಂದೇ ನಿಯಮ, ಇದಕ್ಕಿಂತ ನ್ಯಾಯ ಇನ್ನೆಂತದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಅಮೆರಿಕದ ರಾತ್ರಿ ಎಂದರೆ ನಮ್ಮ ಬೆಳಿಗ್ಗೆ. ಆಟ ನೋಡಿ ಬೇಸರವಾಗಿ ಆಟಗಾರರನ್ನು ಕೈಬಿಡುವುದೆಲ್ಲ ಆ ಹೊತ್ತಿಗೇ. ಬೆಳಿಗ್ಗೆಯಿಡೀ ಕಂಪ್ಯೂಟರಿನ ಮುಂದೆ ಕೂತಿರುವವಳು ನಾನೊಬ್ಬಳೇ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಹೊಳೆದಿತ್ತೇನೋ, ಯಾರಿಗೆ ಗೊತ್ತು.

ನಮ್ಮ ಎಂಟರಲ್ಲಿ ಶಕ್ಕು ಬಸ್ ಕಂಡಕ್ಟರ್. ಕುಮಟಾದಿಂದ ಭಟ್ಕಳಕ್ಕೆ ಹೋಗುವ ಅವಳ ಬಸ್ಸು ಸರಿಯಾಗಿ ಒಂಬತ್ತಕ್ಕೆ ಹೊನ್ನಾವರದಲ್ಲಿ ನನ್ನ ಅಂಗಡಿಯ ಎದುರಿನ ಸ್ಟ್ಯಾಂಡಿಗೆ ಬಂದು ಐದು ನಿಮಿಷ ನಿಲ್ಲುತ್ತದೆ. ಓಡುವ ಬಸ್ಸಿನಲ್ಲಿ ಅವಳು ಫೋನು ಮುಟ್ಟುವಂತಿಲ್ಲ. ಆ ಐದು ನಿಮಿಷದಲ್ಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು:

"ಯಾರಾದ್ರೂ ಬಿದ್ರನೇ?"

ಅವಳು ಕೇಳುತ್ತಿದ್ದದ್ದು ಯಾರಾದರೂ ಕೈಬಿಟ್ಟ ಆಟಗಾರರ ಬಗ್ಗೆ, ಸುತ್ತಲಿನ ಜನ ಗಾಬರಿಯಾಗಿ ರಸ್ತೆ ನೋಡುತ್ತಿದ್ದರು. ಮಧ್ಯಾಹ್ನ ವಾಪಸು ಬರುವಾಗ ಭಟ್ಕಳದಿಂದ ತಂದ ಒಂದು ಮೊಳ ಮಲ್ಲಿಗೆಯನ್ನು ನನ್ನ ಮೇಜಿಗೆ ಗುರಿಯಿಟ್ಟು ಎಸೆದು ಹೋಗುವಳು. ಕಾಲೇಜಿನಲ್ಲಿಯೂ ಅವಳ ಗುರಿ ತಪ್ಪುತ್ತಿರಲಿಲ್ಲ.

ಒಂದು ದಿನ ಎಂಟೂ ಐವತ್ತಕ್ಕೆ ನಸೀಮಾ ಒಬ್ಬ ಎತ್ತರದ ಆಟಗಾರನನ್ನು ಕೈಬಿಟ್ಟಳು. ಅವನಿಗೆ ಮೊಣಕಾಲು ನೋವು. ಇನ್ನೊಂದೆರಡು ವಾರದಲ್ಲಿ ಎದ್ದು ಆಡುತ್ತಾನೆ ಎಂದು ನಾನು ಓದಿಕೊಂಡಿದ್ದೆ. ಅವನ ಬದಲಿಗೆ ಯಾರನ್ನು ಬಿಡಲಿ ಎಂದು ಲೆಕ್ಕ ಹಾಕುತ್ತ ಕೂತಿರುವಾಗಲೇ ಬಸ್ಸು ಬಂತು.

"ಯಾರಾದ್ರೂ ಬಿದ್ರನೇ?"

"ಯಾರೂ ಇಲ್ಲ ಮಾರಾಯ್ತಿ," ಎಂದೆ.

ಬಸ್ಸು ಹೋಯಿತು. ಒಂಬತ್ತೂ ಹತ್ತಕ್ಕೆ ಗುಂಡಿ ಒತ್ತಿದೆ.

ಗಡಿಯಾರದ ವಿಷಯದಲ್ಲಿ ಕಂಡಕ್ಟರಿಗೆ ಮೋಸ ಮಾಡಲು ಹೊರಟವಳ ಬುದ್ಧಿ ನೋಡಿ! ಯಾರು ಯಾವಾಗ ಬಿಟ್ಟರು, ಯಾವಾಗ ಹಿಡಿದರು ಎಂದು ಆ್ಯಪಿನಲ್ಲಿ ನಿಮಿಷ ಸಮೇತ ಬರೆದಿರುತ್ತದೆ. ಸಂಜೆ ಶಕ್ಕು ಫೋನಿನಲ್ಲಿದ್ದ ನಮ್ಮ ಎಂಟು ಜನರ ಗುಂಪಿನಲ್ಲಿ ಎರಡೇ ಸಾಲು ಹಾಕಿದಳು. 'ಒಂಬತ್ತು ಗಂಟೆಗೆ ನನ್ನ ಬಸ್ಸು ನಿನ್ನ ಅಂಗಡಿ ಎದ್ರಿಗೇ ನಿಂತಿತ್ತು. ನಾ ಈ ಆಟ ಬಿಟ್ಟೆ.' ಮರುದಿನ ಬಸ್ಸು ಬಂತು, ಕಿಟಕಿಯಲ್ಲಿ ತಲೆ ಕಾಣಲಿಲ್ಲ. ಮಧ್ಯಾಹ್ನ ಹೂವೂ ಇಲ್ಲ. ನನಗೆ ಬಹಳ ನಾಚಿಕೆಯಾಯಿತು. ಮೂವತ್ತು ವರ್ಷದ ಗೆಳತಿಯನ್ನು ನಾನು ಕಂಡೇ ಇರದ ಒಬ್ಬನ ಮೊಣಕಾಲಿಗಾಗಿ ಕಳೆದುಕೊಂಡಿದ್ದೆ.

ಅವನನ್ನು ಅವಳಿಗೇ ಕೊಟ್ಟುಬಿಡೋಣ ಎಂದರೆ ದಾನ ಕೂಡದೆಂದು ನಾನೇ ಬರೆದಿದ್ದೇನೆ. ಕೈಬಿಟ್ಟರೆ, ಶಕ್ಕು ಬಸ್ಸಿಳಿಯುವುದರೊಳಗೆ ಇನ್ನೊಬ್ಬಳು ಒತ್ತುತ್ತಾಳೆ. ನಿಯಮ ತಿದ್ದೋಣವೆಂದು ಪೆನ್ನು ತೆಗೆದರೆ ಲ್ಯಾಮಿನೇಶನ್ ಮೇಲೆ ಶಾಯಿ ನಿಲ್ಲಲಿಲ್ಲ. ಜಾರಿ ಜಾರಿ ಹೋಯಿತು.

ಆಗ ನೆನಪಾದವಳು ಕುಮಟಾದ ನನ್ನ ಅತ್ತೆ, ಅಪ್ಪನ ಅಕ್ಕ. ರಜೆಯಲ್ಲಿ ಆರು ಮಕ್ಕಳು ಅವಳ ಮನೆಯಲ್ಲಿ ಸೇರುತ್ತಿದ್ದೆವು. ಹಿತ್ತಲಲ್ಲಿ ಒಂದೇ ಮಾವಿನ ಮರ. ಎಲ್ಲರಿಗಿಂತ ಬೇಗ ಎದ್ದು ಬಿದ್ದ ಹಣ್ಣುಗಳನ್ನು ಲಂಗದಲ್ಲಿ ತುಂಬಿಕೊಳ್ಳುತ್ತಿದ್ದವಳು, ಊಹಿಸಿದಿರಲ್ಲ, ನಾನೇ. ಅತ್ತೆ ಅದನ್ನು ನಿಲ್ಲಿಸಿದಳು. ಹಣ್ಣೆಲ್ಲ ಬುಟ್ಟಿಗೆ. ಕಡೆಯ ಮಗು ಎದ್ದು ಮುಖ ತೊಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಆಮೇಲೆ ಸಾಲು. ಒಂದು ಹಣ್ಣು ಆರಿಸಿಕೊಂಡವರು ಸಾಲಿನ ಹಿಂದಕ್ಕೆ ಹೋಗಬೇಕು. ಬೇಗ ಎದ್ದವಳು ನಾನು ಎಂದು ಅತ್ತರೆ, "ಬೇಗ ಏಳೂದು ನಿನ್ನ ಚಾಳಿ. ಹಣ್ಣು ಬೀಳೂದು ಮರದ ಚಾಳಿ. ಎರಡಕ್ಕೂ ಎಂತ ಸಂಬಂಧ?" ಎಂದಿದ್ದಳು. ಅಂದು ಅವಳ ಮೇಲೆ ಬಂದ ಸಿಟ್ಟು ನಲವತ್ತು ವರ್ಷದ ಮೇಲೆ ಈ ಅಂಗಡಿಯಲ್ಲಿ ಇಳಿಯಿತು.

ಒಂದು ಭಾನುವಾರ ನಸೀಮಾ ಶಕ್ಕುವನ್ನು ಹೇಗೋ ಒಪ್ಪಿಸಿ ಅಂಗಡಿಗೆ ಕರೆತಂದಳು. ಶಕ್ಕು ಸ್ಟೂಲಿನ ತುದಿಯಲ್ಲಿ, ಈಗೆದ್ದೆ ಆಗೆದ್ದೆ ಎನ್ನುವಂತೆ ಕೂತಳು.

"ಅಂಕದ ಪಟ್ಟಿಯಲ್ಲಿ ಕಡೆಗಿದ್ದವ್ಳಿಗೆ ಮೊದ್ಲು ಆರಿಸೂಕೆ ಬಿಡ್ವ," ಎಂದಳು ನಸೀಮಾ. ಕಡೆಗಿದ್ದವಳು ಶಕ್ಕುವೇ.

"ಸೋತವ್ಳು ಹೇಳಿ ಕರುಣೆ ಎಲ್ಲ ಬ್ಯಾಡ," ಶಕ್ಕು ಕೆಂಪಾದಳು. "ನಂಗೂ ಕಾಣ್ಬೇಕು, ಅಷ್ಟೇ. ಕಂಡ ಮೇಲೆ ತಪ್ಪಿ ಹೋದ್ರೆ ಹೋಗ್ಲಿ."

ನಾನು ಸುಳ್ಳು ಹೇಳಿದ್ದನ್ನು ಅವಳ ಮುಖ ನೋಡಿ ಒಪ್ಪಿಕೊಂಡೆ. ಆಮೇಲೆ ಅತ್ತೆಯ ಬುಟ್ಟಿಯ ಕತೆ ಹೇಳಿದೆ. ಕೈಬಿಟ್ಟವನು ಮರುದಿನ ಸಂಜೆ ಏಳರವರೆಗೆ ಬುಟ್ಟಿಯಲ್ಲಿ, ಆಮೇಲೆ ಸರದಿ. ಒಬ್ಬನನ್ನು ಹಿಡಿದವಳು ಸಾಲಿನ ಹಿಂದಕ್ಕೆ. ಶಕ್ಕು ಸ್ಟೂಲಿನ ಮೇಲೆ ಸರಿಯಾಗಿ ಕೂತು, "ಆತು," ಎಂದಳು. ಇಂಥದ್ದೇ ವ್ಯವಸ್ಥೆ ಆ್ಯಪಿನಲ್ಲಿ ಮೊದಲಿನಿಂದಲೂ ಇತ್ತಂತೆ. ಕಾನೂನು ಬರೆಯುವ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ.

ಉಳಿದ ಐವರೂ ಫೋನಿನಲ್ಲಿ ಒಪ್ಪಿದ ಮೇಲೆ, ಮೊದಲ ಸರದಿಗೆ ಎಲ್ಲರ ಹೆಸರಿನ ಎಂಟು ಚೀಟಿ ಎತ್ತಿದೆವು. ನಸೀಮಾ ಮೊದಲು, ಶಕ್ಕು ಎರಡನೆಯವಳು, ನಾನು ಎಂಟು. ಅಲ್ಲೇ, ಅವರೆದುರಿಗೇ, ಆ ಮೊಣಕಾಲಿನವನನ್ನು ಕೈಬಿಟ್ಟೆ. ನಸೀಮಾ ಬೇಡವೆಂದು ಬಿಟ್ಟವನನ್ನೇ ಮತ್ತೆ ಹಿಡಿಯುತ್ತಾಳೆಯೆ, ಶಕ್ಕುವಿಗೇ ಸಿಗುತ್ತಾನೆ ಎಂದು ನಾನು ಒಳಗೊಳಗೇ ಪುಣ್ಯ ಕಟ್ಟಿಕೊಳ್ಳುತ್ತಿದ್ದೆ. ಮರುದಿನ ಏಳಕ್ಕೆ ನಸೀಮಾ ಅವನನ್ನು ಎತ್ತಿಕೊಂಡಳು. 'ಅವನ ಕಾಲು ಗುಣ ಆಯ್ತಂತೆ,' ಎಂದು ಗುಂಪಿನಲ್ಲಿ ಬರೆದಳು.

ಅಯ್ಯೋ, ಮತ್ತೆ ಶುರುವಾಯಿತು ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ಐದು ನಿಮಿಷದ ಮೇಲೆ ಗುಂಪಿನಲ್ಲಿ ಶಕ್ಕುವಿನ ಧ್ವನಿ ಬಂತು, ನಗು ತಡೆಯಲಾರದ ಧ್ವನಿ: "ಈಗ ಸರಿಯಾತು ನೋಡು. ನನ್ನ ಕಣ್ಣೆದ್ರಿಗೇ ಹೋದ!" ಮರುದಿನ ಮಧ್ಯಾಹ್ನ ಮಲ್ಲಿಗೆ ಮೇಜಿನ ಮೇಲೆ ಬಂದು ಬಿತ್ತು. ಹದಿನೆಂಟನೆಯ ದಿನ.

ಇಷ್ಟು ಬರೆಯುವಷ್ಟರಲ್ಲಿ ಒಂಬತ್ತಾಯಿತು. ಈಗಷ್ಟೇ ಫೋನು ಕಿಣಿಗುಟ್ಟಿತು. ಒಬ್ಬ ಒಳ್ಳೆಯವನು ಬಿದ್ದಿದ್ದಾನೆ. ನೋವೆಂದು ಬಿಟ್ಟದ್ದು. ನಾಡಿದ್ದಿನ ಆಟಕ್ಕೇ ಬರುತ್ತಾನೆ ಎಂಬ ಸುದ್ದಿ ಇನ್ನೂ ಯಾರ ಕಣ್ಣಿಗೂ ಬಿದ್ದಂತಿಲ್ಲ. ಸರದಿಯಲ್ಲಿ ಶಕ್ಕು ಮೊದಲು, ನಾನು ಎರಡನೆಯವಳು. ಎದುರಿಗೆ ಬಸ್ಸು ನಿಂತಿತು. ಕಿಟಕಿಯಲ್ಲಿ ತಲೆ.

"ಯಾರಾದ್ರೂ ಬಿದ್ರನೇ?"

ಸುದ್ದಿ ನನ್ನಲ್ಲೇ ಇಟ್ಟುಕೊಂಡರೆ ಅವನು ನನಗೇ ಸಿಗಬಹುದು ಎಂಬ ಹಳೆಯ ಆಸೆ ಒಮ್ಮೆ ಮಿಸುಕಾಡಿತು, ಸುಳ್ಳೇಕೆ ಹೇಳಲಿ. ರಸ್ತೆಯವರೆಗೆ ಹೋಗಿ ಅವನ ಹೆಸರು ಹೇಳಿದೆ. ಬಸ್ಸು ಹೊರಡುವಾಗ, "ನಾಡಿದ್ದೇ ಆಡ್ತಾನೆ, ಬಿಡಬೇಡ!" ಎಂದೂ ಕೂಗಿದೆ.